ದತ್ತಸಂಗ್ರಹದ ಯಂತ್ರವನ್ನು ಶ್ರುತಿಗೂಡಿಸುವ ಬಗೆ

ಕಳೆದ ಸಲ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಿದ್ದಾಗ, ಊಟದ ಪಂಕ್ತಿಯಲ್ಲಿ ನಮ್ಮ ಮಗ್ಗುಲಲ್ಲಿ ಕುಳಿತಿದ್ದ ತಾಯಿಯೊಬ್ಬರು ನಮ್ಮನ್ನು ಹೀಗೆ ಕೇಳಿದರು: "ಅಕ್ಕಾ, ನಮ್ಮ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಏನು ಕೆಲಸವಮ್ಮಾ ಎಂದರೆ ಡೇಟಾಬೇಸ್ ಸರ್ವರನ್ನು ಟ್ಯೂನ್ ಮಾಡುತ್ತೇನೆ ಎನ್ನುತ್ತಾಳೆ. ಟ್ಯೂನ್ ಮಾಡಲಿಕ್ಕೆ ಅದೇನು ತಂಬೂರಿಯೇ? ಅರ್ಧ ರಾತ್ರಿಯಲ್ಲಿ ಫೋನು ಬಂದರೂ ಎದ್ದು ಕುಳಿತುಕೊಳ್ಳುತ್ತಾಳೆ. ಅಂಥಾದ್ದು ಏನಿದೆ ಅದರಲ್ಲಿ?" ನಾವೂ ಅದೇ ಕಸುಬಿನಲ್ಲಿ ಬಹು ಕಾಲ ಕಳೆದವರು. ಆದರೆ ಉತ್ತರವನ್ನು ಅರ್ಧ ಹೇಳುವಷ್ಟರಲ್ಲಿ ಪಾಯಸ ಬಂದಿತು, ಮಾತು ಅಲ್ಲಿಗೇ ನಿಂತಿತು. ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕೇಳಿದ ಮೇಲೆ, ಆ ತಾಯಿಗೆ ಸಲ್ಲಬೇಕಾಗಿರುವ ಉಳಿದರ್ಧವನ್ನೇ ಇಲ್ಲಿ ಸಲ್ಲಿಸೋಣವೆಂದು ಎಣಿಸಿದೆವು. ಈ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಇದೇ ಬಗೆಯ ಉದ್ಯೋಗಗಳಲ್ಲಿರುವುದರಿಂದ, ಅವರ ತಾಯ್ತಂದೆಗಳಿಗೂ ಇದು ಉಪಯೋಗಕ್ಕೆ ಬಾರದೆ ಇರಲಾರದು.

ದತ್ತಸಂಗ್ರಹವೆಂದರೆ ಏನೆಂಬುದನ್ನು ಅರಿಯಲು ನಮ್ಮ ಶಾಲೆಯ ಆಫೀಸನ್ನೇ ನೆನೆದುಕೊಂಡರೆ ಸಾಕು. ಅಲ್ಲಿ ದಾಖಲೆಯ ರಿಜಿಸ್ಟರುಗಳಿದ್ದವು. ಗುಮಾಸ್ತರ ಮುಂದೆ ಒಂದು ಮೇಜು, ಒಳಕೋಣೆಯಲ್ಲಿ ಕಬ್ಬಿಣದ ಬೀರುಗಳು. ಯಾರಾದರೂ ವರ್ಗಾವಣೆಯ ಪತ್ರ ಬೇಕೆಂದು ಬಂದರೆ, ಬೇಕಾದ ರಿಜಿಸ್ಟರು ಮೇಜಿನ ಮೇಲೆಯೇ ಇದ್ದಲ್ಲಿ ಕೆಲಸ ಒಡನೆ ಆಗುವುದು; ಒಳಗಿನ ಬೀರುವಿನಲ್ಲಿದ್ದಲ್ಲಿ ಗುಮಾಸ್ತರು ಎದ್ದು, ಬೀಗದ ಕೈ ಹುಡುಕಿ, ಧೂಳು ಕೊಡವಿ ತರಬೇಕು. ದತ್ತಸಂಗ್ರಹದ ಸರ್ವರೆಂಬುದು ಇಂಥ ಒಂದು ಆಫೀಸೇ ಹೊರತು ಬೇರೆಯಲ್ಲ. ಯಂತ್ರದ ಮೆಮೊರಿಯೇ ಮೇಜು, ಡಿಸ್ಕೇ ಬೀರು. ಪ್ರಶ್ನೆಗಳನ್ನು ಹೊತ್ತು ಕಿಟಕಿಯ ಮುಂದೆ ನಿಂತಿರುವ ಜನವೇ ಕನೆಕ್ಷನ್ನುಗಳು.

ಆದರೆ ಮೇಜಿಗೂ ಬೀರುವಿಗೂ ನಡುವಣ ದೂರವು ಶಾಲೆಯ ಆಫೀಸಿನಲ್ಲಿ ಹತ್ತು ಹೆಜ್ಜೆಯಾದರೆ ಯಂತ್ರದಲ್ಲಿ ಊಹೆಗೆ ನಿಲುಕದಷ್ಟು. ಮೆಮೊರಿಯಿಂದ ಒಂದು ಸಂಗತಿಯನ್ನು ತೆಗೆಯಲು ಸುಮಾರು 100 ನ್ಯಾನೊ ಸೆಕೆಂಡು ಹಿಡಿಯುವುದು. ತಿರುಗುವ ಹಳೆಯ ಬಗೆಯ ಡಿಸ್ಕಿನಲ್ಲಿ ಬೇಕಾದ ಜಾಗಕ್ಕೆ ಮುಳ್ಳು ಹೋಗಿ ಮುಟ್ಟಲು ಹತ್ತು ಮಿಲಿ ಸೆಕೆಂಡಿನಷ್ಟು ಬೇಕು. ಮೇಜಿನ ಮೇಲಿನಿಂದ ತೆಗೆಯುವ ಕೆಲಸಕ್ಕೆ ಒಂದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೆ, ಅದೇ ಲೆಕ್ಕದಲ್ಲಿ ಬೀರುವಿಗೆ ಹೋಗಿ ಬರಲು ಒಂದು ಲಕ್ಷ ಸೆಕೆಂಡು, ಅಂದರೆ ಒಂದು ಹಗಲು, ಒಂದು ರಾತ್ರಿ, ಮೇಲೆ ಸುಮಾರು ನಾಲ್ಕು ಗಂಟೆ ಆಗುವುದು. ಈಗ ಬಳಕೆಯಲ್ಲಿರುವ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕುಗಳು ಎಷ್ಟೋ ಮೇಲು. ಆದರೂ ಆ ಲೆಕ್ಕದಲ್ಲಿ ಹಲವು ನಿಮಿಷಗಳಾದರೂ ಬೇಕು. ಆದಕಾರಣ ಯಾವ ಪುಟಗಳು ಮೇಜಿನ ಮೇಲಿರಬೇಕು, ಮೇಜು ಎಷ್ಟು ದೊಡ್ಡದಿರಬೇಕು, ಎಷ್ಟು ಜನರನ್ನು ಒಮ್ಮೆಗೆ ಒಳಗೆ ಬಿಡಬೇಕು, ಬರೆದುದನ್ನು ಯಾವಾಗ ಬೀರುವಿಗೆ ಸೇರಿಸಬೇಕು ಎಂಬ ಅಳತೆಗಳನ್ನು ಸರಿಯಾಗಿ ಗೊತ್ತುಮಾಡುವುದೇ ಈ ಶ್ರುತಿ ಮಾಡುವ ಕೆಲಸ. ತಂತಿಯನ್ನು ಸಡಿಲ ಬಿಟ್ಟರೆ ನಾದವಿಲ್ಲ, ಹೆಚ್ಚು ಬಿಗಿದರೆ ಹರಿಯುವುದು. ಆ ಮಟ್ಟಿಗೆ ತಂಬೂರಿಯ ಮಾತು ಸುಳ್ಳಲ್ಲ.

ಇಂಥ ಸರ್ವರುಗಳಲ್ಲಿ ಹಲವು ಜಾತಿಗಳುಂಟು. ನಾವು ಕೈಯಾರೆ ಬಳಸಿ ಬಲ್ಲ ಪೋಸ್ಟ್‌ಗ್ರೆಸ್ ಎಂಬುದನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವೆವು. 1970ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬವರು, ಎಲ್ಲ ಸಂಗತಿಗಳನ್ನೂ ಸಾಲುಗಳೂ ಕಂಬಗಳೂ ಇರುವ ಕೋಷ್ಟಕಗಳಾಗಿ ಇಡಬೇಕೆಂಬ ವಿಚಾರವನ್ನು ಪ್ರಕಟಿಸಿದರು. ಅದನ್ನು ಓದಿದ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದವರು ಮೊದಲು ಇಂಗ್ರೆಸ್ ಎಂಬುದನ್ನು ಕಟ್ಟಿದರು. ಅಲ್ಲಿಯೇ ಮೈಕೆಲ್ ಸ್ಟೋನ್‌ಬ್ರೇಕರರ ಮುಂದಾಳುತನದಲ್ಲಿ 1986ರಲ್ಲಿ ಪೋಸ್ಟ್‌ಗ್ರೆಸ್ ಮೊದಲಾಯಿತು. 1996ರಲ್ಲಿ ಅದಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಈಗಿನ ಹೆಸರು ಬಂದಿತು. ಇದಕ್ಕೆ ಒಡೆಯನೆಂಬ ಒಂದು ಕಂಪೆನಿಯಿಲ್ಲ. ಯಾರು ಬೇಕಾದರೂ ಕ್ರಯವಿಲ್ಲದೆ ತೆಗೆದುಕೊಂಡು ನಡಿಸಬಹುದು. ಬಡ ಸಂಸ್ಥೆಗಳಿಗೆ ಇದರಿಂದಾದ ಉಪಕಾರವು ಸಣ್ಣದಲ್ಲ.

ಈ ಪೋಸ್ಟ್‌ಗ್ರೆಸನ್ನು ಹೊಸದಾಗಿ ಯಂತ್ರದ ಮೇಲಿಟ್ಟಾಗ, ಅದರ ಅಳತೆಗಳೆಲ್ಲ ಬಹು ವಿನಯದಿಂದ ಕೂಡಿರುತ್ತವೆ. ಎಂಥ ಸಣ್ಣ ಯಂತ್ರದ ಮೇಲಾದರೂ ಅದು ಎದ್ದು ನಿಲ್ಲಬೇಕೆಂಬುದೇ ಮಾಡಿದವರ ಉದ್ದೇಶ. ಷೇರ್ಡ್ ಬಫರ್ಸ್ ಎಂಬ ಅದರ ಸ್ವಂತ ಮೇಜು 128 ಮೆಗಾಬೈಟು ಮಾತ್ರ. ಅದು ಸಂಗತಿಗಳನ್ನು 8 ಕಿಲೋಬೈಟಿನ ಪುಟಗಳಾಗಿ ಇಡುವುದರಿಂದ, ಆ ಮೇಜಿನ ಮೇಲೆ 16,384 ಪುಟಗಳು ಹಿಡಿಸುವುವು. ಒಮ್ಮೆಗೆ ಒಳಗೆ ಬರಬಹುದಾದ ಕನೆಕ್ಷನ್ನುಗಳು 100. ಒಂದೊಂದು ವಿಂಗಡಣೆಯ ಕೆಲಸಕ್ಕೆ ಕೊಡುವ ವರ್ಕ್ ಮೆಮ್ ಎಂಬ ಜಾಗವು 4 ಮೆಗಾಬೈಟು. ಹೊಸ ಮನೆಗೆ ಬಂದ ಸೊಸೆಯ ಹಾಗೆ ಅದು ತನಗೆ ಇಷ್ಟು ಬೇಕೆಂದು ತಾನಾಗಿ ಕೇಳುವುದಿಲ್ಲ. ಯಂತ್ರದಲ್ಲಿ 16 ಗಿಗಾಬೈಟು ಮೆಮೊರಿ ಖಾಲಿ ಬಿದ್ದಿದ್ದರೂ ಮೂಲೆಯಲ್ಲಿ ಮುದುಡಿಕೊಂಡು ಕೆಲಸ ಮಾಡುವುದು.

ಇನ್ನು ನಮ್ಮ ಸ್ವಂತ ಅನುಭವವನ್ನು ಹೇಳುವೆವು. ಅದರಲ್ಲಿ ನಮ್ಮ ತಪ್ಪೇ ಹೆಚ್ಚಾಗಿರುವುದರಿಂದ ಹೇಳಲು ಸ್ವಲ್ಪ ಸಂಕೋಚವಾದರೂ, ಕಲಿತದ್ದೆಲ್ಲ ಅದರಿಂದಲೇ ಎಂಬ ಕಾರಣದಿಂದ ಬಿಡುವ ಹಾಗಿಲ್ಲ.

ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ನಿಧಿಯವರ ಅರ್ಜಿಗಳ ದತ್ತಸಂಗ್ರಹವನ್ನು ನೋಡಿಕೊಳ್ಳುವ ಹೊಣೆ ಒಂದು ಕಾಲದಲ್ಲಿ ನಮ್ಮ ಮೇಲಿತ್ತು. ವರುಷದಲ್ಲಿ ಹನ್ನೊಂದು ತಿಂಗಳು ಆ ಯಂತ್ರಕ್ಕೆ ಕೆಲಸವೇ ಇಲ್ಲ. ಅರ್ಜಿಗೆ ಕಡೆಯ ದಿನ ಬಂದಿತೆಂದರೆ ಮಾತ್ರ ನಾಡಿನ ಮೂಲೆಮೂಲೆಗಳಿಂದ ಹುಡುಗಿಯರು ಒಟ್ಟಿಗೆ ಬಂದು ಬಾಗಿಲು ತಟ್ಟುವರು. ಅವರಲ್ಲಿ ಎಷ್ಟೋ ಮಂದಿ ಬಸ್ಸು ಹಿಡಿದು ತಾಲ್ಲೂಕಿನ ಊರಿಗೆ ಬಂದು, ಅಂಗಡಿಯ ಕಂಪ್ಯೂಟರಿನ ಮುಂದೆ ಗಂಟೆಗಿಷ್ಟೆಂದು ಹಣ ಕೊಟ್ಟು ಕೂತವರು. ಸಂಜೆಯ ಬಸ್ಸು ಹೋದರೆ ಊರು ಸೇರುವಂತಿಲ್ಲ. ಅಂಥ ಒಂದು ಕಡೆಯ ದಿನ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಅರ್ಜಿಯನ್ನು ಕಳುಹಿಸುವ ಗುಂಡಿಯನ್ನು ಒತ್ತಿದವರಿಗೆ ತೆರೆಯ ಮೇಲೆ ತಿರುಗುವ ಚಕ್ರವೊಂದರ ಹೊರತು ಮತ್ತೇನೂ ಕಾಣದಾಯಿತು. ಸ್ವಲ್ಪ ಹೊತ್ತಿನಲ್ಲಿ, ಕನೆಕ್ಷನ್ನುಗಳು ತೀರಿಹೋಗಿವೆ, ಒಳಗೆ ಜಾಗವಿಲ್ಲ ಎಂಬ ದೂರುಗಳು ಸರ್ವರಿನ ದಿನಚರಿಯಲ್ಲಿ ಸಾಲುಗಟ್ಟಿದವು.

ನಾವು ದಿನಚರಿಯನ್ನು ತೆರೆದು ನೋಡಿದೆವು. ನೂರು ಕನೆಕ್ಷನ್ನುಗಳೂ ತುಂಬಿದ್ದವು. ಆಫೀಸಿನವರು ಆಗಾಗ ತೆಗೆಯುತ್ತಿದ್ದ ಜಿಲ್ಲಾವಾರು ಪಟ್ಟಿಯು ವರ್ಕ್ ಮೆಮಿನ 4 ಮೆಗಾಬೈಟಿನಲ್ಲಿ ಹಿಡಿಸದೆ, ವಿಂಗಡಣೆಗೋಸ್ಕರ ಡಿಸ್ಕಿನ ಮೇಲೆ ತುಂಡು ಕಡತಗಳನ್ನು ಚೆಲ್ಲುತ್ತಿದ್ದುದೂ ಕಣ್ಣಿಗೆ ಬಿದ್ದಿತು. ಎರಡೂ ನಿಜವಾದ ಸಂಗತಿಗಳೇ. ಆದರೆ ಕಂಡದ್ದೆಲ್ಲ ಕಾರಣವಾಗಿರಬೇಕೆಂಬ ನೇಮವಿಲ್ಲ; ಆ ಗಳಿಗೆಯಲ್ಲಿ ಅದನ್ನು ಆಲೋಚಿಸುವಷ್ಟು ಸಮಾಧಾನ ನಮಗಿರಲಿಲ್ಲ. ಕನೆಕ್ಷನ್ನುಗಳನ್ನು 100ರಿಂದ 400ಕ್ಕೆ ಏರಿಸಿದೆವು. ವರ್ಕ್ ಮೆಮನ್ನು 4ರಿಂದ 256 ಮೆಗಾಬೈಟಿಗೆ ಏರಿಸಿದೆವು. ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆವು. ಇಪ್ಪತ್ತು ನಿಮಿಷ ಎಲ್ಲವೂ ನಡೆಯುತ್ತಿರುವ ಹಾಗೆ ತೋರಿತು. ನಾವು ಒಂದು ಲೋಟ ಕಾಫಿಯನ್ನೂ ಕುಡಿದೆವು.

ಇಲ್ಲಿ ವಾಚಕರು ಒಂದು ಗುಣಾಕಾರವನ್ನು ಮಾಡಿ ನೋಡಬೇಕು. ವರ್ಕ್ ಮೆಮ್ ಎಂಬುದು ಇಡೀ ಸರ್ವರಿಗೆ ಕೊಡುವ ಜಾಗವಲ್ಲ. ಒಂದೊಂದು ಕನೆಕ್ಷನ್ನಿಗೆ ಕೊಡುವುದೂ ಅಲ್ಲ. ಒಂದು ಪ್ರಶ್ನೆಯೊಳಗಿನ ಒಂದೊಂದು ವಿಂಗಡಣೆಗೂ ಪ್ರತ್ಯೇಕವಾಗಿ ಅಷ್ಟಷ್ಟು ಜಾಗ ಹಿಡಿಯಲು ಅಪ್ಪಣೆಯೆಂದು ಅದರ ಅರ್ಥ. ನಾನೂರು ಜನರು ತಲಾ ಒಂದೇ ವಿಂಗಡಣೆ ಮಾಡಿದರೂ 400 ಸಲ 256 ಮೆಗಾಬೈಟು, ಅಂದರೆ 1,02,400 ಮೆಗಾಬೈಟು: ನೂರು ಗಿಗಾಬೈಟು! ನಮ್ಮ ಯಂತ್ರದಲ್ಲಿದ್ದದ್ದು ಹದಿನಾರು. ಎಲ್ಲರೂ ಏಕಕಾಲದಲ್ಲಿ ಪೂರ್ಣ ಅಪ್ಪಣೆಯನ್ನು ಬಳಸುವುದಿಲ್ಲವೆಂಬುದು ನಿಜ. ಆದರೆ ಅದರ ಆರನೆಯ ಒಂದು ಪಾಲನ್ನು ಬಳಸಿದರೂ ಸಾಕು, ಮನೆ ಮುಳುಗಿತು. ಹಾಗೆಯೇ ಆಯಿತು. ಮೆಮೊರಿಯೆಲ್ಲ ತೀರಿದೊಡನೆ ಲಿನಕ್ಸ್ ಎಂಬ ಆಧಾರ ವ್ಯವಸ್ಥೆಯು, ತನ್ನ ಪ್ರಾಣ ಉಳಿಸಿಕೊಳ್ಳುವುದಕ್ಕೋಸ್ಕರ, ಬಹು ಜಾಗ ಹಿಡಿದಿದ್ದ ಒಂದು ಕೆಲಸವನ್ನು ಹುಡುಕಿ ಕೊಂದುಹಾಕಿತು. ಕೊಲ್ಲಲ್ಪಟ್ಟದ್ದು ಪೋಸ್ಟ್‌ಗ್ರೆಸಿನ ಒಂದು ಕನೆಕ್ಷನ್ನು. ಹಾಗೆ ಒಂದು ಕನೆಕ್ಷನ್ನು ಅಪಮೃತ್ಯುವಿಗೆ ತುತ್ತಾದರೆ, ಎಲ್ಲರಿಗೂ ಸೇರಿದ ಮೇಜಿನ ಮೇಲೆ ಅದು ಏನನ್ನು ಅರ್ಧ ಬರೆದು ಹೋಗಿದೆಯೋ ಎಂದು ಪೋಸ್ಟ್‌ಗ್ರೆಸ್ ಅಂಜಿ, ಉಳಿದ ಎಲ್ಲ ಕನೆಕ್ಷನ್ನುಗಳನ್ನೂ ತಾನೇ ಮುರಿದುಹಾಕಿ, ಮೊದಲಿನಿಂದ ಎಬ್ಬಿಸಿಕೊಳ್ಳುವುದು. ನಾನೂರು ಹುಡುಗಿಯರ ತೆರೆಗಳೂ ಒಮ್ಮೆಲೇ ಬರಿದಾದವು.

ಆ ಗಳಿಗೆಯಲ್ಲಿ ನಮ್ಮ ಎದೆ ನಡುಗಿದ್ದು ಯಂತ್ರ ನಿಂತಿತಲ್ಲಾ ಎಂದಲ್ಲ. ಬೆಳಗಿನಿಂದ "ನಿಮ್ಮ ಅರ್ಜಿ ಸೇರಿತು" ಎಂಬ ಉತ್ತರ ಪಡೆದು ಮನೆಗೆ ಹೋಗಿಬಿಟ್ಟಿದ್ದ ಹುಡುಗಿಯರ ಅರ್ಜಿಗಳು ಉಳಿದಿವೆಯೋ ಇಲ್ಲವೋ ಎಂದು. ಅದು ಉಳಿಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳತಕ್ಕದ್ದು.

ನಮ್ಮ ಅಂಗಡಿಕಾರರಲ್ಲಿ ಕಿರ್ದಿಯೂ ಖಾತೆಯೂ ಬೇರೆಬೇರೆಯಾಗಿರುವುದನ್ನು ಎಲ್ಲರೂ ಬಲ್ಲರು. ವ್ಯಾಪಾರ ನಡೆದ ಹಾಗೆ ಹಾಗೆಯೇ ಒಂದರ ಕೆಳಗೊಂದು ಕಿರ್ದಿಯಲ್ಲಿ ಬರೆದುಕೊಳ್ಳುವರು. ಬಿಡುವಾದಾಗ ಅದನ್ನು ನೋಡಿ ಯಾರಾರ ಖಾತೆಗೆ ಯಾವುದು ಸಲ್ಲಬೇಕೋ ಅದನ್ನು ಏರಿಸುವರು. ಪೋಸ್ಟ್‌ಗ್ರೆಸಿನ ಪದ್ಧತಿಯೂ ಹೀಗೆಯೇ. ಅರ್ಜಿಯೊಂದು ಬಂದರೆ ಅದರ ಕೋಷ್ಟಕದ ಪುಟವನ್ನು ಮೇಜಿನ ಮೇಲೆಯೇ ತಿದ್ದಿ ಇಟ್ಟುಕೊಂಡು, ನಡೆದ ಸಂಗತಿಯನ್ನು ವಾಲ್ ಎಂಬ ಕಿರ್ದಿಯಲ್ಲಿ ಬರೆದು, ಆ ಕಿರ್ದಿಯು ನಿಜವಾಗಿಯೂ ಡಿಸ್ಕನ್ನು ಸೇರಿತೆಂದು ಖಾತರಿ ಮಾಡಿಕೊಂಡ ಮೇಲೆಯೇ "ಸೇರಿತು" ಎಂದು ಉತ್ತರ ಕೊಡುವುದು. ಮೇಜಿನ ಮೇಲಿನ ಪುಟಗಳು ಬೀರುವಿಗೆ ಹೋಗುವುದು ತರುವಾಯ, ಚೆಕ್‌ಪಾಯಿಂಟು ಎಂಬ ಕಾಲದಲ್ಲಿ. ನಡುವೆ ಯಂತ್ರ ಕೆಟ್ಟರೆ, ಮತ್ತೆ ಎದ್ದಾಗ ಕಡೆಯ ಚೆಕ್‌ಪಾಯಿಂಟಿನಿಂದೀಚೆಯ ಕಿರ್ದಿಯನ್ನು ಓದುತ್ತಾ ಖಾತೆಯನ್ನು ಸರಿಮಾಡಿಕೊಳ್ಳುವುದು.

ಕಿರ್ದಿಯು ಡಿಸ್ಕನ್ನು ಸೇರಿತೇ ಎಂದು ಖಾತರಿ ಮಾಡಿಕೊಳ್ಳುವ ಈ ಕೆಲಸಕ್ಕೆ ಎಫ್‌ಸಿಂಕ್ ಎಂದು ಹೆಸರು. ಅದಕ್ಕೆ ಹೊತ್ತು ಹಿಡಿಯುವುದರಿಂದ, ಅದನ್ನು ನಿಲ್ಲಿಸಿಬಿಟ್ಟರೆ ಸರ್ವರು ಬಹಳ ಚುರುಕಾಗುವುದು. ಆ ಘಟನೆಗೆ ಒಂದು ವಾರದ ಮುಂಚೆ ನಮ್ಮ ಜತೆಗಾರರೊಬ್ಬರು ಅದನ್ನು ನಿಲ್ಲಿಸಿಬಿಡೋಣವೆಂದು ಸೂಚಿಸಿದ್ದರು; ನಮಗೂ ಆಸೆಯಾಗಿತ್ತು. ನಮಗಿಂತ ಹಿರಿಯರಾದ ಒಬ್ಬರು ಮಾತ್ರ, "ಅವಸರ ತಾಳಲಾರದೆ ಕಿರ್ದಿ ಬರೆಯುವುದನ್ನೇ ಬಿಟ್ಟರೆ ಸಾಲ ಕೊಟ್ಟವರಿಗೆ ಏನು ಉತ್ತರ ಹೇಳುವಿರಿ?" ಎಂದು ತಡೆದರು. ನಮ್ಮ ಪ್ರಸಂಗದಲ್ಲಿ ಸತ್ತದ್ದು ಪೋಸ್ಟ್‌ಗ್ರೆಸಿನ ಒಂದು ಕೆಲಸವೇ ಹೊರತು ಇಡೀ ಯಂತ್ರವಲ್ಲ. ಆದುದರಿಂದ ಅಂದು ಎಫ್‌ಸಿಂಕ್ ಇಲ್ಲದಿದ್ದರೂ ಪಾರಾಗುತ್ತಿದ್ದೆವೇನೋ. ಆದರೆ ಅಂದು ಸಂಜೆ ಏಳು ಗಂಟೆಗೆ ವಿದ್ಯುತ್ತು ಹೋಯಿತು, ಕಾಪಿನ ಬ್ಯಾಟರಿಯೂ ಕೈಕೊಟ್ಟಿತು. ಆಗ ಉಳಿಸಿದ್ದು ಆ ಖಾತರಿಯೇ. ಯಂತ್ರ ಎದ್ದ ಮೇಲೆ ಎಣಿಸಿ ನೋಡಿದರೆ, ಸೇರಿತೆಂದು ಉತ್ತರ ಕೊಟ್ಟ ಒಂದು ಅರ್ಜಿಯೂ ಕಳೆದಿರಲಿಲ್ಲ. ಎಫ್‌ಸಿಂಕನ್ನು ನಿಲ್ಲಿಸಿದ್ದ ಪಕ್ಷದಲ್ಲಿ ಕೊನೆಯ ಕೆಲವು ಅರ್ಜಿಗಳಷ್ಟೇ ಅಲ್ಲ, ಕೋಷ್ಟಕದ ಪುಟಗಳೇ ಒಂದಕ್ಕೊಂದು ತಾಳೆಯಿಲ್ಲದಂತೆ ಕೆಟ್ಟು ಇಡೀ ಸಂಗ್ರಹ ಹಾಳಾಗಬಹುದಾಗಿತ್ತು.

ಇದರ ತಂಗಿಯಂತಿರುವ ಸಿಂಕ್ರೊನಸ್ ಕಮಿಟ್ ಎಂಬ ಇನ್ನೊಂದು ಸೆಟ್ಟಿಂಗುಂಟು. ಅದನ್ನು ನಿಲ್ಲಿಸಿದರೆ ಕಿರ್ದಿಯು ಡಿಸ್ಕಿಗೆ ಹೋಗುವ ಮೊದಲೇ ಉತ್ತರ ಹೋಗುವುದು. ಯಂತ್ರ ಕೆಟ್ಟಲ್ಲಿ ಕಡೆಯ ಅರೆ ಸೆಕೆಂಡಿನಷ್ಟು ಕಾಲದಲ್ಲಿ ಬಂದವು ಕಳೆಯಬಹುದು, ಆದರೆ ಉಳಿದ ಪುಸ್ತಕ ಕೆಡುವುದಿಲ್ಲ. ಎಷ್ಟು ಜನ ಯಾವ ಪುಟ ನೋಡಿದರೆಂಬಂಥ ಲೆಕ್ಕಗಳಿಗೆ ಇದು ಒಪ್ಪತಕ್ಕದ್ದೇ. ಹುಡುಗಿಯೊಬ್ಬಳ ಅರ್ಜಿಗೆ ಒಪ್ಪತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.

ಅಂದು ರಾತ್ರಿ ಕುಳಿತು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆವು. ಇಂತಿಷ್ಟು ಹೊತ್ತಿಗಿಂತ ಹೆಚ್ಚು ಹಿಡಿದ ಪ್ರಶ್ನೆಗಳನ್ನೆಲ್ಲ ದಿನಚರಿಯಲ್ಲಿ ಬರೆದಿಡುವಂತೆ ಸರ್ವರಿಗೆ ಆಜ್ಞೆ ಕೊಡಬಹುದು. ಹಾಗೆ ಬರೆಸಿದಾಗ, ಒಂದೇ ಪ್ರಶ್ನೆಯು ಸಾವಿರಾರು ಸಲ ಮೂಡಿತು. ಹೊಸ ಅರ್ಜಿ ಬಂದಾಗಲೆಲ್ಲ, ಇದೇ ಹುಡುಗಿ ಮುಂಚೆ ಅರ್ಜಿ ಹಾಕಿರುವಳೇ ಎಂದು ಅವಳ ನೋಂದಣಿ ಸಂಖ್ಯೆಯಿಂದ ಹುಡುಕಿ ನೋಡುವ ಪ್ರಶ್ನೆ ಅದು. ಎಕ್ಸ್‌ಪ್ಲೇನ್ ಅನಲೈಸ್ ಎಂಬ ಮಾತನ್ನು ಪ್ರಶ್ನೆಯ ಹಿಂದೆ ಸೇರಿಸಿದರೆ, ಪೋಸ್ಟ್‌ಗ್ರೆಸ್ ತಾನು ಯಾವ ದಾರಿಯಲ್ಲಿ ಹೋದೆ, ಎಲ್ಲಿ ಎಷ್ಟು ಹೊತ್ತು ಕಳೆದೆ ಎಂಬುದನ್ನು ಒಂದೂ ಮುಚ್ಚಿಡದೆ ಹೇಳುವುದು. ಹೇಳಿದ್ದೇನೆಂದರೆ: ಹಿಂದಿನ ಎಲ್ಲ ವರುಷಗಳ ಅರ್ಜಿಗಳೂ ಇರುವ ಕೋಷ್ಟಕವನ್ನು, ಮೊದಲ ಸಾಲಿನಿಂದ ಕಡೆಯ ಸಾಲಿನ ತನಕ, ಒಂದೊಂದು ಅರ್ಜಿಗೂ ಹೊಸದಾಗಿ ಓದುತ್ತಿದ್ದೇನೆ ಎಂದು. ನೋಂದಣಿ ಸಂಖ್ಯೆಗೆ ಸೂಚಿಯೇ ಇರಲಿಲ್ಲ. ದಪ್ಪ ಪುಸ್ತಕದ ಕೊನೆಯಲ್ಲಿ ಅಕಾರಾದಿಯಿದ್ದರೆ ಬೇಕಾದ ಮಾತು ಯಾವ ಪುಟದಲ್ಲಿದೆಯೆಂದು ಕೂಡಲೆ ತೆಗೆಯಬಹುದು. ಇಲ್ಲವಾದರೆ ಇಡೀ ಪುಸ್ತಕವನ್ನೇ ತಿರುವಬೇಕಷ್ಟೆ. ಸಾಲುಗಳು ಸ್ವಲ್ಪವಿದ್ದ ಮೊದಲ ವರುಷಗಳಲ್ಲಿ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಸೂಚಿಯನ್ನು ಕಟ್ಟಿದೆವು. ಸಾಮಾನ್ಯವಾಗಿ ಸೂಚಿ ಕಟ್ಟುವಾಗ ಆ ಕೋಷ್ಟಕದಲ್ಲಿ ಯಾರೂ ಬರೆಯದಂತೆ ಪೋಸ್ಟ್‌ಗ್ರೆಸ್ ತಡೆಯುವುದು. ಕನ್‌ಕರೆಂಟ್ಲಿ ಎಂಬ ಮಾತನ್ನು ಸೇರಿಸಿದಲ್ಲಿ ಹೊತ್ತು ಹೆಚ್ಚಾದರೂ ಬರೆಯುವವರಿಗೆ ತಡೆಯಿಲ್ಲ. ಹಾಗೆ ಕಟ್ಟಿ ಮುಗಿದ ಮೇಲೆ, ನಾಲ್ಕಾರು ಸೆಕೆಂಡು ಹಿಡಿಯುತ್ತಿದ್ದ ಪ್ರಶ್ನೆಯು ಒಂದು ಮಿಲಿ ಸೆಕೆಂಡಿನೊಳಗೆ ಮುಗಿಯಿತು. ಹಾಗೆ ಮುಗಿದ ಮೇಲೆ ಕಿಟಕಿಯ ಮುಂದೆ ನೂರು ಜನ ನಿಲ್ಲುವ ಕಾರಣವೇ ಉಳಿಯಲಿಲ್ಲ. ಕನೆಕ್ಷನ್ನುಗಳು ತುಂಬಿದ್ದು ರೋಗವಲ್ಲ, ರೋಗದ ಜ್ವರ. ನಾವು ಜ್ವರಕ್ಕೆ ಮದ್ದು ಕೊಟ್ಟು ರೋಗಿಯನ್ನು ಕೆಡವಿದ್ದೆವು.

ನಿಧಿಯವರು ದೊಡ್ಡ ಮನಸ್ಸು ಮಾಡಿ ಅವಧಿಯನ್ನು ಎರಡು ದಿನ ಮುಂದುವರಿಸಿದರು. ಆ ಸುದ್ದಿ ತಿಳಿಯದೆ, ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಮತ್ತೆ ಬಾರದೆ ಉಳಿದ ಹುಡುಗಿಯರು ಎಷ್ಟು ಮಂದಿಯೋ, ಅದನ್ನು ಯಾವ ಕಿರ್ದಿಯೂ ಬರೆದಿಡುವುದಿಲ್ಲ.

ಆ ಮೇಲಿನ ವಾರಗಳಲ್ಲಿ ಸೆಟ್ಟಿಂಗುಗಳನ್ನು ಒಂದೊಂದಾಗಿ, ನಿಧಾನವಾಗಿ ತಿದ್ದಿದೆವು. ಒಂದು ದಿನಕ್ಕೆ ಒಂದೇ ತಿದ್ದುಪಾಟು. ಅದಕ್ಕೆ ಮುಂಚೆ ಎಷ್ಟು, ಆಮೇಲೆ ಎಷ್ಟು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯುವುದು. ಎರಡು ತಂತಿಗಳನ್ನು ಒಟ್ಟಿಗೆ ತಿರುವಿದರೆ ಯಾವುದರಿಂದ ಅಪಸ್ವರ ಬಂತೆಂದು ತಿಳಿಯುವುದು ಹೇಗೆ?

ಮೊದಲು ಮೇಜು. ದತ್ತಸಂಗ್ರಹಕ್ಕೆಂದೇ ಇರುವ ಯಂತ್ರದಲ್ಲಿ ಮೆಮೊರಿಯ ಕಾಲು ಭಾಗವನ್ನು ಷೇರ್ಡ್ ಬಫರ್ಸಿಗೆ ಕೊಡುವುದು ಒಳ್ಳೆಯ ಆರಂಭವೆಂದು ಪೋಸ್ಟ್‌ಗ್ರೆಸಿನ ಕೈಪಿಡಿಯೇ ಹೇಳುತ್ತದೆ. ಆದಕಾರಣ 16ರಲ್ಲಿ 4 ಗಿಗಾಬೈಟನ್ನು ಕೊಟ್ಟೆವು. ಎಲ್ಲವನ್ನೂ ಏಕೆ ಕೊಡಬಾರದೆಂದು ಕೇಳಬಹುದು. ಲಿನಕ್ಸ್ ತಾನೂ ಓದಿದ ಪುಟಗಳನ್ನು ಮಿಕ್ಕ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು. ಪೋಸ್ಟ್‌ಗ್ರೆಸ್ ಅದರ ಮೇಲೆಯೂ ಭರವಸೆಯಿಟ್ಟು ನಡೆಯುವುದು. ನೂರಕ್ಕೆ ನಲವತ್ತನ್ನು ಮೀರಿ ಕೊಟ್ಟರೆ ಹೆಚ್ಚಿನ ಪ್ರಯೋಜನವು ಅಪರೂಪವೆಂದೂ ಅದೇ ಕೈಪಿಡಿಯಲ್ಲಿದೆ. ಈ ಒಂದನ್ನು ಬದಲಾಯಿಸಲು ಸರ್ವರನ್ನು ನಿಲ್ಲಿಸಿ ಎಬ್ಬಿಸಲೇಬೇಕು. ಎಫೆಕ್ಟಿವ್ ಕ್ಯಾಷ್ ಸೈಜ್ ಎಂಬುದೂ ಇದರ ಜತೆಯದೇ, ಆದರೆ ಹೆಸರು ಕೇಳಿ ಮೋಸಹೋಗಬಾರದು: ಅದು ಯಾವ ಮೆಮೊರಿಯನ್ನೂ ಹಿಡಿಯುವುದಿಲ್ಲ. ನಮ್ಮ ಮತ್ತು ಲಿನಕ್ಸಿನ ಮೇಜುಗಳೆರಡೂ ಸೇರಿ ಇಷ್ಟು ಇರಬಹುದೆಂದು ಪ್ರಶ್ನೆಗೆ ದಾರಿ ಗೊತ್ತುಮಾಡುವ ಭಾಗಕ್ಕೆ ಕೊಡುವ ಒಂದು ಸೂಚನೆ ಮಾತ್ರ. ಅದನ್ನು 12 ಗಿಗಾಬೈಟೆಂದು ಬರೆದೆವು.

ದಾರಿ ಗೊತ್ತುಮಾಡುವ ಆ ಭಾಗದ ಲೆಕ್ಕಾಚಾರವು ಸ್ವಾರಸ್ಯವಾದುದು. ಸಾಲಾಗಿ ಪುಟ ತಿರುವುವುದಕ್ಕೆ ಒಂದು ಕಾಸೆಂದರೆ, ಅಲ್ಲೊಂದು ಇಲ್ಲೊಂದು ಪುಟ ಹುಡುಕಿ ತೆಗೆಯುವುದಕ್ಕೆ ನಾಲ್ಕು ಕಾಸೆಂದು ಅದು ಎಣಿಸುತ್ತದೆ. ರಾಂಡಮ್ ಪೇಜ್ ಕಾಸ್ಟ್ ಎಂಬ ಸೆಟ್ಟಿಂಗಿನಲ್ಲಿ ಮೊದಲಿಂದ ಬರೆದಿರುವ 4 ಇದೇ. ಮುಳ್ಳು ಅತ್ತಿತ್ತ ಓಡಬೇಕಾದ ತಿರುಗುವ ಡಿಸ್ಕಿನ ಕಾಲಕ್ಕೆ ಅದು ನ್ಯಾಯವಾದ ಬೆಲೆ. ಎಸ್‌ಎಸ್‌ಡಿಯಲ್ಲಿ ಎಲ್ಲಿಂದ ತೆಗೆದರೂ ಹೆಚ್ಚು ಕಡಮೆ ಒಂದೇ ಶ್ರಮವಾದುದರಿಂದ, ಹಳೆಯ ಬೆಲೆಯನ್ನು ಹಾಗೆಯೇ ಇಟ್ಟರೆ ಅದು ಸೂಚಿಯಿದ್ದರೂ ದುಬಾರಿಯೆಂದು ಹೆದರಿ, ಇಡೀ ಕೋಷ್ಟಕವನ್ನು ತಿರುವಲು ಹೊರಡುವುದುಂಟು. 1.1ಕ್ಕೆ ಇಳಿಸಿದೆವು. ಆಫೀಸಿನ ಎರಡು ಪಟ್ಟಿಗಳು ಅಂದಿನಿಂದಲೇ ಚುರುಕಾದವು.

ವರ್ಕ್ ಮೆಮಿನ ವಿಷಯದಲ್ಲಿ ಸುಟ್ಟುಕೊಂಡ ಬೆರಳು ನಮಗೆ ಜ್ಞಾಪಕವಿದ್ದಿತು. ಎಲ್ಲರಿಗೂ 16 ಮೆಗಾಬೈಟು. ಜಿಲ್ಲಾವಾರು ಪಟ್ಟಿ ತೆಗೆಯುವ ಆಫೀಸಿನವರ ಹೆಸರಿಗೆ ಮಾತ್ರ 256 ಎಂದು ಪ್ರತ್ಯೇಕವಾಗಿ ಬರೆದೆವು. ಮನೆಯಲ್ಲಿ ಒಬ್ಬರಿಗೆ ಪಥ್ಯವೆಂದು ಎಲ್ಲರಿಗೂ ಗಂಜಿ ಬಡಿಸುವ ಅಗತ್ಯವಿಲ್ಲದ ಹಾಗೆ, ಪೋಸ್ಟ್‌ಗ್ರೆಸಿನಲ್ಲಿ ಅನೇಕ ಸೆಟ್ಟಿಂಗುಗಳನ್ನು ಒಬ್ಬೊಬ್ಬ ಬಳಕೆದಾರರಿಗೇ ಬೇರೆಯಾಗಿ ಇಡಬಹುದು. ಬಹು ಮಂದಿ ಈ ಸೌಕರ್ಯವನ್ನು ಮರೆತಿರುತ್ತಾರೆ.

ಕನೆಕ್ಷನ್ನುಗಳನ್ನು 400ರಿಂದ ಪುನಃ 100ಕ್ಕೆ ಇಳಿಸಿದೆವು. ಪೋಸ್ಟ್‌ಗ್ರೆಸಿನಲ್ಲಿ ಒಂದೊಂದು ಕನೆಕ್ಷನ್ನಿಗೂ ಒಬ್ಬೊಬ್ಬ ಪ್ರತ್ಯೇಕ ಆಳು ಎಂಬಂತೆ ಒಂದೊಂದು ಬೇರೆ ಪ್ರೊಸೆಸ್ಸು ಹುಟ್ಟುವುದು. ನಮ್ಮ ಯಂತ್ರದಲ್ಲಿದ್ದ ಮಿದುಳುಗಳು ನಾಲ್ಕು. ನಾಲ್ಕು ಒಲೆಗಳ ಮುಂದೆ ನಾನೂರು ಅಡಿಗೆಯವರನ್ನು ನಿಲ್ಲಿಸಿದರೆ ಅಡಿಗೆ ಬೇಗ ಆಗುವುದೆಂದು ಎಣಿಸಿದ್ದು ನಮ್ಮ ಅವಿವೇಕ. ಇದಕ್ಕೆ ಸರಿಯಾದ ಉಪಾಯವು ಬಾಗಿಲಲ್ಲಿ ಚೀಟಿ ಕೊಡುವವನೊಬ್ಬನನ್ನು ನಿಲ್ಲಿಸುವುದು. ಪಿಜಿಬೌನ್ಸರ್ ಎಂಬುದು ಅಂಥ ಕೆಲಸದ್ದು: ಹೊರಗೆ ಸಾವಿರ ಜನರು ಬಂದರೂ ಎಲ್ಲರನ್ನೂ ಬರಮಾಡಿಕೊಂಡು, ಒಳಗೆ ಮಾತ್ರ ಇಪ್ಪತ್ತೋ ಮೂವತ್ತೋ ಕನೆಕ್ಷನ್ನುಗಳನ್ನು ತೆರೆದಿಟ್ಟು, ಒಬ್ಬರ ಕೆಲಸ ಮುಗಿದೊಡನೆ ಇನ್ನೊಬ್ಬರನ್ನು ಅದೇ ಕನೆಕ್ಷನ್ನಿಗೆ ಕಳುಹಿಸುವುದು. ಕಾಯುವವರು ಕಾಯುವರು, ಆದರೆ ಮಿಲಿ ಸೆಕೆಂಡುಗಳ ಲೆಕ್ಕದಲ್ಲಿ.

ಚೆಕ್‌ಪಾಯಿಂಟಿನ ಬಗ್ಗೆ ಒಂದೆರಡು ಮಾತು. ಮೊದಲಿನ ಏರ್ಪಾಡಿನಂತೆ ಐದು ನಿಮಿಷಕ್ಕೊಮ್ಮೆಯಾಗಲಿ, ಕಿರ್ದಿಯು 1 ಗಿಗಾಬೈಟಿನ ಸಮೀಪಕ್ಕೆ ಬೆಳೆದಾಗಲಾಗಲಿ, ಯಾವುದು ಮೊದಲೋ ಆಗ ಅದು ನಡೆಯುವುದು. ಕಡೆಯ ದಿನಗಳಲ್ಲಿ ಕಿರ್ದಿ ಬೇಗಬೇಗನೆ ತುಂಬಿ, ಚೆಕ್‌ಪಾಯಿಂಟುಗಳು ಮೇಲಿಂದ ಮೇಲೆ ಬರುತ್ತಿವೆ ಎಂದು ಸರ್ವರು ದಿನಚರಿಯಲ್ಲಿ ಗೊಣಗುತ್ತಿದ್ದಿತು. ಇನ್ನೊಂದು ಸೂಕ್ಷ್ಮವೇನೆಂದರೆ, ಚೆಕ್‌ಪಾಯಿಂಟು ಆದ ಮೇಲೆ ಒಂದು ಪುಟವನ್ನು ಮೊದಲ ಸಲ ತಿದ್ದುವಾಗ, ಆ ಇಡೀ ಪುಟದ ನಕಲನ್ನೇ ಕಿರ್ದಿಯಲ್ಲಿ ಬರೆಯಲಾಗುವುದು; ಹಾಗಾಗಿ ಚೆಕ್‌ಪಾಯಿಂಟು ಹೆಚ್ಚಿದಷ್ಟೂ ಕಿರ್ದಿ ಬೆಳೆಯುವುದು, ಕಿರ್ದಿ ಬೆಳೆದಷ್ಟೂ ಚೆಕ್‌ಪಾಯಿಂಟು ಹೆಚ್ಚುವುದು. ಮಿತಿಯನ್ನು 4 ಗಿಗಾಬೈಟಿಗೂ ಅವಧಿಯನ್ನು 15 ನಿಮಿಷಕ್ಕೂ ಏರಿಸಿ ಆ ಸುಳಿಯಿಂದ ಬಿಡಿಸಿದೆವು. ಇದಕ್ಕೆ ತೆರುವ ಬೆಲೆಯೂ ಉಂಟು: ಯಂತ್ರ ಕೆಟ್ಟು ಎದ್ದಾಗ ಓದಬೇಕಾದ ಕಿರ್ದಿ ಉದ್ದವಾಗುವುದರಿಂದ, ಎದ್ದು ನಿಲ್ಲಲು ಹೆಚ್ಚು ಹೊತ್ತು ಬೇಕು. ಅದನ್ನು ತಿಳಿದೇ ಒಪ್ಪಿಕೊಂಡೆವು.

ಕಡೆಯದಾಗಿ ಕಸ ಗುಡಿಸುವ ವಿಷಯ. ರಿಜಿಸ್ಟರಿನಲ್ಲಿ ಒಂದು ಹೆಸರನ್ನು ತಿದ್ದಬೇಕಾದರೆ ಅಳಿಸಿ ಬರೆಯಬಾರದು, ಕೆಂಪು ಶಾಯಿಯಿಂದ ಗೆರೆ ಹೊಡೆದು ಹೊಸ ಸಾಲು ಬರೆಯಬೇಕೆಂದು ಹಳೆಯ ಗುಮಾಸ್ತರು ಹೇಳುತ್ತಿದ್ದರಲ್ಲವೇ? ಪೋಸ್ಟ್‌ಗ್ರೆಸ್ ಮಾಡುವುದೂ ಹಾಗೆಯೇ. ತಿದ್ದಿದಾಗಲೆಲ್ಲ ಹಳೆಯ ಸಾಲು ಸತ್ತು ಅಲ್ಲೇ ಬಿದ್ದಿರುವುದು. ಆಗಲೇ ಓದಲು ತೊಡಗಿದ್ದವರಿಗೆ ಹಳೆಯ ಸಾಲೇ ಕಾಣುವುದರಿಂದ, ಓದುವವರಿಗೂ ಬರೆಯುವವರಿಗೂ ಜಗಳವಿಲ್ಲ. ಇದು ಅದರ ದೊಡ್ಡ ಗುಣ. ಸತ್ತ ಸಾಲುಗಳನ್ನು ತೆಗೆದು ಜಾಗ ಮಾಡುವ ಜಾಡಮಾಲಿಯೇ ಆಟೋವ್ಯಾಕ್ಯೂಮ್. ಸತ್ತವು ಐವತ್ತು ಮತ್ತು ಒಟ್ಟು ಸಾಲುಗಳ ಐದನೆಯ ಒಂದು ಪಾಲನ್ನು ಮೀರಿದ ಮೇಲೆ ಬರಬೇಕೆಂದು ಅದಕ್ಕೆ ಮೊದಲಿನ ಕಟ್ಟಳೆ. ಸಾವಿರ ಸಾಲಿನ ಕೋಷ್ಟಕಕ್ಕೆ 250 ಆದೊಡನೆ ಬರುವುದು, ಸರಿಯೇ. ಹತ್ತು ಲಕ್ಷ ಸಾಲಿನ ಕೋಷ್ಟಕದಲ್ಲಿ 2,00,050 ಹೆಣಗಳು ಬೀಳುವ ತನಕ ಅದು ಕದಲುವುದಿಲ್ಲ. ಅರ್ಜಿಗಳ ಕೋಷ್ಟಕವೊಂದಕ್ಕೆ ಮಾತ್ರ ಐದನೆಯ ಒಂದು ಪಾಲನ್ನು ಐವತ್ತನೆಯ ಒಂದು ಪಾಲಿಗೆ ಇಳಿಸಿದೆವು. ಕೆಲವರು ಇದು ಗುಡಿಸುವಾಗ ಯಂತ್ರ ನಿಧಾನವಾಗುವುದೆಂದು ಸಿಟ್ಟಾಗಿ ಇದನ್ನು ಪೂರಾ ನಿಲ್ಲಿಸಿಬಿಡುವರು. ಕೆಲಸದವಳು ಕಸಬರಿಗೆ ಹಿಡಿದಾಗ ಧೂಳೇಳುತ್ತದೆಂದು ಅವಳನ್ನೇ ಬಿಡಿಸಿದಂತೆ! ಹಾಗೆ ನಿಲ್ಲಿಸಿದರೂ, ವ್ಯವಹಾರಗಳ ಅಂಕೆ ಸುತ್ತಿ ಬಂದು ಹಳೆಯದು ಹೊಸದೆಂದು ಭ್ರಮೆಯಾಗಬಾರದೆಂಬ ಕಾರಣದಿಂದ, ಸುಮಾರು ಇಪ್ಪತ್ತು ಕೋಟಿ ವ್ಯವಹಾರಗಳಾದ ಮೇಲೆ ಪೋಸ್ಟ್‌ಗ್ರೆಸ್ ಯಾರ ಮಾತನ್ನೂ ಕೇಳದೆ ತಾನೇ ಗುಡಿಸಲು ನಿಲ್ಲುವುದು. ಅದು ಬಹುಮಟ್ಟಿಗೆ ನಮಗೆ ಅತ್ಯಂತ ಅನನುಕೂಲವಾದ ದಿನವೇ ಆಗಿರುವುದು.

ಮರುವರುಷದ ಕಡೆಯ ದಿನ ನಾವು ಬೆಳಗಿನಿಂದ ಯಂತ್ರದ ಮುಂದೆಯೇ ಕುಳಿತಿದ್ದೆವು. ಹಿಂದಿನ ವರುಷಕ್ಕಿಂತ ಹೆಚ್ಚಾಗಿಯೇ ಹುಡುಗಿಯರು ಬಂದರು. ಒಳಗಿನ ಕನೆಕ್ಷನ್ನುಗಳು ಒಮ್ಮೆಯೂ ಇಪ್ಪತ್ತನ್ನು ಮೀರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಫೋನು ಬಂದಾಗ ಕೈ ನಡುಗಿದ್ದು ನಿಜ. ಆದರೆ ಅದು ಆಫೀಸಿನವರು, ಊಟಕ್ಕೆ ಬರುವಿರಾ ಎಂದು ಕೇಳಲು ಮಾಡಿದ್ದು. ರಾತ್ರಿ ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ಕಡೆಯ ಅರ್ಜಿ ಸೇರಿತು. ನೋಟುಬುಕ್ಕಿನಲ್ಲಿ ಆ ಹೊತ್ತನ್ನು ಬರೆದು, ಯಂತ್ರವನ್ನು ಅದರ ಪಾಡಿಗೆ ಬಿಟ್ಟು, ದೀಪ ಆರಿಸಿ ಮನೆಗೆ ಹೋದೆವು.